ಮೂವತ್ತನಾಲ್ಕು ಹೆಜ್ಜೆ

ನಮ್ಮ ನೋಯ್ಡಾ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಮೂರು ದಿನದಿಂದ ಒಂದು ಫೈಲು ಕೂತಿದೆ. ನುಸಿಗುಳಿಗೆಯ ವಾಸನೆ ಹೊಡೆಯುತ್ತದೆ. ಕಾಗದಕ್ಕೂ ಯಾರಾದರೂ ನುಸಿಗುಳಿಗೆ ಇಡುತ್ತಾರೆಯೇ ಎಂದು ನನ್ನ ಹೆಂಡತಿ ಕೇಳಿದಳು. ಸೈನ್ಯದಲ್ಲಿದ್ದವರು ಇಡುತ್ತಾರೆ. ಅವರ ಟ್ರಂಕಿನಲ್ಲಿ ಉಣ್ಣೆಯ ಕೋಟು, ಮೆಡಲು, ಪಿಂಚಣಿಯ ಕಾಗದ ಎಲ್ಲವೂ ಒಂದೇ ಮನೆಯವರ ಹಾಗೆ ಒಟ್ಟಿಗೆ ಮಲಗಿರುತ್ತವೆ. ಸಾರಿಗೂ ಆ ವಾಸನೆ ಬರುತ್ತಿದೆ, ಫೈಲನ್ನಾದರೂ ಎತ್ತಿಡಿ, ಇಲ್ಲ ನೀವಾದರೂ ಬೇರೆ ಕಡೆ ಕೂತು ಉಣ್ಣಿ ಎಂದು ಅವಳ ಆಜ್ಞೆಯಾಗಿದೆ. ನಾನು ಎರಡನ್ನೂ ಮಾಡಿಲ್ಲ.

ಆ ಫೈಲಿಗೆ ಸಂಬಂಧಪಟ್ಟು ನಾನು ಬರೆಯಬೇಕಾದ್ದು ಒಂದು ಪುಟದ ಪತ್ರ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಪತ್ರ ಬರೆದೇ ಅನ್ನ ತಿಂದವನು ನಾನು. ಏನನ್ನೂ ಹೇಳದೆ ಎರಡು ಪುಟ ತುಂಬಿಸುವುದು ನನಗೆ ಎಡಗೈ ಕೆಲಸ. ಏನನ್ನೋ ಹೇಳಬೇಕಾದ ಪತ್ರವಾದ್ದರಿಂದ ಮೂರು ದಿನವಾದರೂ ಮುಗಿದಿಲ್ಲ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್‌ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಆರಿಸಿದ್ದೇನೆಯೇ ಎಂದು ಮನೆಗೆ ವಾಪಸು ಬಂದು ನೋಡುವವರ ಜಾತಿ ನನ್ನದು. ನೋಡಿಕೊಂಡು ಮತ್ತೆ ಬಸ್‌ಸ್ಟಾಪಿಗೆ ಹೋದ ಮೇಲೆ ಬೀಗ ಹಾಕಿದ್ದೇನೆಯೇ ಎಂಬ ಚಿಂತೆ ಶುರುವಾಗುತ್ತದೆ. ಇಂಥವನ ಕೈಗೆ ಸುಬೇದಾರ್ ಬೋಪಯ್ಯನವರು ತಮ್ಮ ಜೀವನದ ಒಂದು ಸತ್ಯವನ್ನು ಕೊಟ್ಟಿದ್ದರು. ಅವರ ದುರದೃಷ್ಟ ಎನ್ನಬೇಕು.

ಆಗ ನಾವಿದ್ದದ್ದು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಮೊದಲನೇ ಮಹಡಿ. ಕೆಳಗಿನ ಮನೆ ದೇಚಮ್ಮನದು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಮದುವೆಯಾಗದ ಕೊಡಗಿನ ಹೆಣ್ಣುಮಗಳು. ಅವಳ ತಂದೆಯೇ ಬೋಪಯ್ಯನವರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ, ಆದರೆ ಹತ್ತಿರದ್ದಕ್ಕೆ ಕಣ್ಣು ಮಂಜಾಗಿತ್ತು. ಒಂದು ಕಣ್ಣಿಗೆ ಆಪರೇಷನ್ ಆಗಿ, ಅಕ್ಷರ ಓದಬೇಕೆಂದರೆ ಭೂತಗನ್ನಡಿ ಬೇಕಿತ್ತು. ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಅದನ್ನು ನನ್ನ ಮೇಲೆ ಸಾಬೀತುಪಡಿಸುವುದು ಅವರ ಸಂಜೆಯ ವಿನೋದ. ಇಬ್ಬರೂ ಕಾಲೊನಿಯ ಪಾರ್ಕಿನಲ್ಲಿ ಸುತ್ತು ಹಾಕುತ್ತಿರುವಾಗ ಥಟ್ಟನೆ ನಿಂತು, ರಾಯರೇ, ಆ ಬೇವಿನ ಮರಕ್ಕೆ ಎಷ್ಟು ಹೆಜ್ಜೆ ಎನ್ನುವರು. ನಾನು ಇಪ್ಪತ್ತು ಎನ್ನುವೆ. ಅವರು ಇಪ್ಪತ್ತಾರು ಎನ್ನುವರು. ಆಮೇಲೆ ಇಬ್ಬರೂ ಗಂಭೀರವಾಗಿ ಹೆಜ್ಜೆ ಎಣಿಸುತ್ತ ಹೋಗುವುದು. ಬೆಂಚಿನ ಮೇಲೆ ಸ್ವೆಟರ್ ಹೆಣೆಯುತ್ತಿದ್ದ ಪಂಜಾಬಿ ಹೆಂಗಸರು ಹೆಣಿಗೆ ನಿಲ್ಲಿಸಿ ನೋಡುತ್ತಿದ್ದರು. ಇಪ್ಪತ್ತಾರೇ ಇರುತ್ತಿತ್ತು. ನಾನು ಒಂದು ದಿನವೂ ಗೆದ್ದವನಲ್ಲ. ನನ್ನ ಎಣಿಕೆ ಯಾವಾಗಲೂ ಕಡಿಮೆಯೇ. ನಿಮಗೆ ಎಲ್ಲ ಹತ್ತಿರ ಬಂದುಬಿಟ್ಟ ಹಾಗೆ ಕಾಣ್ತದೆ, ಅದಕ್ಕೇ ಹೆದರ್ತೀರಿ ಎನ್ನುತ್ತಿದ್ದರು.

ಅವರ ಕೋಣೆಯಲ್ಲಿ ಒಂದು ಜೊತೆ ಜಿಂಕೆಯ ಕೊಂಬಿತ್ತು. ಬೇಟೆಯಾಡಿದವರು ಕೊಂಬನ್ನು ಹಜಾರದಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಹಾಕುತ್ತಾರೆ. ಇವರು ಹಾಕಿಕೊಂಡಿದ್ದದ್ದು ತಮ್ಮ ಮಂಚದ ಎದುರಿನ ಗೋಡೆಗೆ, ಎದ್ದ ಕೂಡಲೇ ಕಣ್ಣಿಗೆ ಬೀಳುವ ಹಾಗೆ. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಒಂದು ದಿನ ಪೇಪರಿನಲ್ಲಿ ಸರ್ಕಾರದ ಪ್ರಕಟಣೆ ಬಂತು. ಮನೆಯಲ್ಲಿ ಕಾಡುಪ್ರಾಣಿಯ ಕೊಂಬು, ಚರ್ಮ ಇಟ್ಟುಕೊಂಡವರು ಇಷ್ಟು ದಿನದೊಳಗೆ ಅರಣ್ಯ ಇಲಾಖೆಗೆ ತಿಳಿಸಿ ಒಡೆತನದ ಪತ್ರ ಪಡೆಯಬೇಕು, ತಪ್ಪಿದರೆ ಶಿಕ್ಷೆ. ನನಗೆ ಅವತ್ತು ಅನ್ನ ಸೇರಲಿಲ್ಲ. ಕೊಂಬು ಕೆಳಗಿನ ಮನೆಯಲ್ಲಿದ್ದರೂ ಅದು ನನ್ನ ತಲೆಯ ಮೇಲೇ ಹುಟ್ಟಿದಂತೆ ಓಡಾಡಿದೆ. ಆಗ ಏಳನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಸಮಾಧಾನ ಹೇಳಿದಳು: "ಪಪ್ಪಾ, ಕೊಂಬು ಅವರ ಮನೇಲಿರೋದು. ಆಪ್ ಕ್ಯೂಂ ಟೆನ್ಶನ್ ಲೇತೇ ಹೋ?"

ಮರುದಿನವೇ ಫಾರಂ ತಂದೆ. ಭಾನುವಾರ, ಚಳಿಗಾಲದ ಬಿಸಿಲು. ಕೆಳಮನೆಯ ಹಿಂದಿನ ಅಂಗಳದಲ್ಲಿ ಎರಡು ಕುರ್ಚಿ, ನಡುವೆ ಕಡಲೆಕಾಯಿ. ಪ್ರಾಣಿ ಯಾವುದು, ಕೊಂಬಿನ ಉದ್ದ ಎಷ್ಟು, ಎಲ್ಲ ಸಲೀಸಾಗಿ ತುಂಬಿತು. ಹೇಗೆ ದೊರೆಯಿತು ಎಂಬ ಕಾಲಮ್ಮಿಗೆ ಬಂದಾಗ ನಾನೇ ಮುಂದಾಗಿ, ಪಿತ್ರಾರ್ಜಿತ ಅಂತ ಬರೀತೀನಿ ಸುಬೇದಾರರೇ, ಯಾರೂ ತಕರಾರು ಮಾಡಲ್ಲ ಎಂದೆ.

ಅವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ನನ್ನ ಅಪ್ಪ ಆ ಜಿಂಕೆಯನ್ನ ನೋಡೇ ಇಲ್ಲ ರಾಯರೇ. ಹೊಡೆದವನು ನಾನು. ನಾನು ಅಂತ ಬರೀರಿ. ಎಷ್ಟು ದೂರದಿಂದ ಅನ್ನೋದನ್ನೂ ಬರೀರಿ."

ದೂರಕ್ಕೆ ಕಾಲಮ್ಮಿಲ್ಲ ಎಂದೆ. ಷರಾ ಅಂತ ಒಂದು ಇರ್ತದಲ್ಲ, ಅದರಲ್ಲಿ ಬರೀರಿ ಎಂದರು. ಆಮೇಲೆ, ಬಿಸಿಲು ಗೋಡೆ ಹತ್ತಿ ಹೋಗುವವರೆಗೂ, ಅವರು ಹೇಳಿದ್ದು ಇದು.

ಅವರಿಗೆ ಆಗ ಇಪ್ಪತ್ತು ವರ್ಷ. ಬೇಟೆಗೆ ಕಾನೂನಿನ ಅಡ್ಡಿಯಿಲ್ಲದ ಕಾಲ. ಮನೆಯ ಕೋವಿ ಅಣ್ಣನ ಕೈಯಲ್ಲಿತ್ತು, ತಮ್ಮನಿಗೆ ಸಿಗುತ್ತಿರಲಿಲ್ಲ. ಕಾಫಿ ತೋಟದ ಕೆಲಸಕ್ಕೆ ಬರುತ್ತಿದ್ದ ಜೇನುಕುರುಬರ ಹಿರಿಯ, ಬೊಳ್ಳ ಎಂಬವನು, ಈ ಹುಡುಗನಿಗೆ ಬಿಲ್ಲು ಕಲಿಸಿದ. ಕಲಿಸಿದ್ದರಲ್ಲಿ ಮುಕ್ಕಾಲು ಪಾಲು ದೂರದ್ದೇ ಪಾಠ. ಬಾಳೆಯ ದಿಂಡೊಂದನ್ನು ನಿಲ್ಲಿಸಿ ಹತ್ತು ಬಾಣ ಬಿಡಿಸುವನು. ಹತ್ತೂ ನೆಟ್ಟರೆ ಮರುದಿನ ಒಂದು ಹೆಜ್ಜೆ ಹಿಂದೆ. ಹೀಗೆ ತಿಂಗಳುಗಟ್ಟಲೆ. ಇಪ್ಪತ್ತಮೂರನೇ ಹೆಜ್ಜೆಯಲ್ಲಿ ಒಂದು ಬಾಣ ತಪ್ಪಿತು. ಹಾಗಾದರೆ ನನ್ನದು ಇಪ್ಪತ್ತೆರಡು ಎಂದು ಇವರು ಹಿಗ್ಗಿದರು. ಬೊಳ್ಳ ತಲೆಯಾಡಿಸಿ ಅದರಲ್ಲಿ ಇನ್ನೂ ನಾಲ್ಕು ಕಳೆದ. ದಿಂಡು ಉಸಿರಾಡಲ್ಲ, ಬಿಲ್ಲಿನ ಸದ್ದಿಗೆ ಬೆಚ್ಚಲ್ಲ, ಅದರ ಮುಂದೆ ನಿಂತಾಗ ನಿನ್ನ ಎದೆಯೂ ಹೊಡ್ಕೊಳ್ಳಲ್ಲ ಎಂದನಂತೆ. ಹದಿನೆಂಟು. ಬಾಣ ಅದರಾಚೆಗೂ ಹೋಗುತ್ತದೆ. ಹೋಗುತ್ತದೆ ಎನ್ನುವುದು ಬಿಡುವುದಕ್ಕೆ ಕಾರಣವಲ್ಲ. ಕಾಡಿನಲ್ಲಿ ಹೆಜ್ಜೆ ಎಣಿಸಲು ಆಗದಲ್ಲ, ಅದಕ್ಕೂ ಒಂದು ಅಳತೆ ಹೇಳಿಕೊಟ್ಟ. ಜಿಂಕೆಯ ಕಣ್ಣು ಕಂಡರೆ ಸಾಲದು, ರೆಪ್ಪೆ ಬಡಿಯುವುದು ಕಾಣಬೇಕು. ಕಾಣದಿದ್ದರೆ ಬಿಲ್ಲು ಇಳಿಸಿ ಮನೆಗೆ ಹೋಗಬೇಕು.

ಒಂದು ಬೆಳಿಗ್ಗೆ ಅಣ್ಣನೂ ಜೊತೆಗೆ ಬಂದ. ತೊರೆಯ ಹತ್ತಿರ ಗಂಡು ಜಿಂಕೆಯೊಂದು ಮೇಯುತ್ತಿತ್ತು. ದೂರವಿತ್ತು, ರೆಪ್ಪೆ ಕಾಣುತ್ತಿರಲಿಲ್ಲ. ಇವರು ಕಾದರು. ಪಕ್ಕದಲ್ಲಿ ಅಣ್ಣ ಪಿಸುಗುಟ್ಟಿದ: "ಏನೋ ಬಾಳೆದಿಂಡಿನ ಬೇಟೆಗಾರ, ಅದು ವಯಸ್ಸಾಗಿ ತಾನೇ ಸಾಯಲಿ ಅಂತ ಕಾಯ್ತಿದ್ದೀಯಾ?"

ಬಿಟ್ಟರು. ಬಿಲ್ಲಿನ ಹೆದೆಯ ಸದ್ದು ಬಾಣಕ್ಕಿಂತ ಮುಂಚೆ ಮುಟ್ಟಿತು, ಜಿಂಕೆ ಬೆಚ್ಚಿ ಒಂದು ಗೇಣು ಕುಸಿದು ತಿರುಗಿತು. ಎದೆಗೆಂದು ಬಿಟ್ಟದ್ದು ಹೊಟ್ಟೆಗೆ ನೆಟ್ಟಿತು. ಅದು ಓಡಿತು. ಅವತ್ತು ಬೊಳ್ಳನನ್ನು ಕರೆತಂದು ಕತ್ತಲಾಗುವವರೆಗೆ ರಕ್ತದ ಜಾಡು ಹಿಡಿದು ನಡೆದರು. ಮರುದಿನವೂ ನಡೆದರು. ಮೂರನೆಯ ದಿನ ಬೆಳಿಗ್ಗೆ ಅದೇ ತೊರೆಯ ಕೆಳಗೆ, ನೀರಿಗೆ ಬಾಯಿಟ್ಟು ಮಲಗಿದ್ದ ಜಿಂಕೆ ಸಿಕ್ಕಿತು. ಜೀವವಿತ್ತು. "ಆಗ ರೆಪ್ಪೆ ಕಂಡಿತು ರಾಯರೇ," ಎಂದರು ಬೋಪಯ್ಯನವರು. ಬೊಳ್ಳ ಕತ್ತಿಯಿಂದ ಅದರ ಕೆಲಸ ಮುಗಿಸಿದ. ಬಯ್ಯಲಿಲ್ಲ. ವಾಪಸು ಬರುವಾಗ, ಇವರು ನಿಂತಿದ್ದ ಜಾಗದಿಂದ ಜಿಂಕೆ ನಿಂತಿದ್ದ ಜಾಗಕ್ಕೆ ಸುಮ್ಮನೆ ನಡೆದು, ಮೂವತ್ತನಾಲ್ಕು ಎಂದ. ಮತ್ತೆಂದೂ ಅವನು ಇವರೊಂದಿಗೆ ಕಾಡಿಗೆ ಬರಲಿಲ್ಲ. ಇವರೂ ಸೈನ್ಯದ ಪಟಾಲಮಿಗೆ ಸೇರಿ ಎಲ್ಲೆಲ್ಲೋ ಹೋದರು, ಬಿಲ್ಲನ್ನು ಮುಟ್ಟಲಿಲ್ಲ. ಅಣ್ಣ ಊರಿನ ಹಜಾರದಲ್ಲಿ ಮೆರೆಸಿದ್ದ ಕೊಂಬನ್ನು ಮಾತ್ರ, ಮನೆ ಪಾಲಾದಾಗ, ತಮಗೆ ಬೇಕೆಂದು ಕೇಳಿ ತಂದರು.

ನಾನು ಎಲ್ಲವನ್ನೂ ಬರೆದುಕೊಂಡೆ. ಮನಸ್ಸು ತುಂಬಿ ಬಂದಿತ್ತು, ಸುಳ್ಳಲ್ಲ. ಆದರೆ ಮೆಟ್ಟಿಲು ಹತ್ತಿ ನಮ್ಮ ಮನೆ ಸೇರುವಷ್ಟರಲ್ಲಿ ಗುಮಾಸ್ತ ಎಚ್ಚರಗೊಂಡಿದ್ದ. ಹೊಡೆದೆ ಎಂದು ಬರೆದು ಸಹಿ ಹಾಕುವುದೇ? ಆಗ ಕಾನೂನಿನ ಅಡ್ಡಿಯಿರಲಿಲ್ಲ ಎನ್ನುವುದಕ್ಕೆ ಕಾಗದವೆಲ್ಲಿ? ಮುದುಕರ ಪಿಂಚಣಿ, ದೇಚಮ್ಮನ ನೌಕರಿ, ಬರೆದುಕೊಟ್ಟವನು ಯಾರು ಎಂದು ಕೇಳಿದರೆ ನನ್ನ ನೌಕರಿ. ಆ ಕ್ರಮದಲ್ಲಿ ಯೋಚಿಸಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕ್ರಮ ತಿರುಗುಮುರುಗಾಗಿತ್ತು ಎಂದು ನಿಮಗೆ ಹೇಳಿಬಿಡಬಹುದು.

ಎರಡು ಫಾರಂ ಟೈಪು ಮಾಡಿಸಿದೆ. ಒಂದರಲ್ಲಿ ಅವರು ಹೇಳಿದ್ದು. ಇನ್ನೊಂದರಲ್ಲಿ, 'ಪಿತ್ರಾರ್ಜಿತ', ಷರಾ ಖಾಲಿ. ಮೊದಲನೆಯದನ್ನು ಅವರಿಗೆ ಓದಿ ಹೇಳಿದೆ. ಕಾಪಿ ಎಂದು ಹೇಳಿ ಎರಡಕ್ಕೂ ಸಹಿ ಹಾಕಿಸಿದೆ. ಎರಡನೆಯದನ್ನು ಕಚೇರಿಗೆ ಕೊಟ್ಟೆ. ಒಬ್ಬ ಇನ್ಸ್‌ಪೆಕ್ಟರು ಬಂದು ಟೇಪು ಹಿಡಿದು ಕೊಂಬು ಅಳೆದು, ದೇಚಮ್ಮ ಕೊಟ್ಟ ಕಾಫಿ ಕುಡಿದು ಹೋದ. ಕೆಲವು ತಿಂಗಳಿಗೆ ಪತ್ರ ಬಂತು. ಬೋಪಯ್ಯನವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟು, ಓದಿ ಎಂದರು. ಓದಿದೆ. ಆ ಕಾಲಮ್ಮಿಗೆ ಬಂದಾಗ ಅಲ್ಲಿ ಇಲ್ಲದ್ದನ್ನು ಓದಿದೆ. ಮೂವತ್ತನಾಲ್ಕು ಹೆಜ್ಜೆ ಎನ್ನುವುದನ್ನೂ ಓದಿದೆ. ಅವರು ಹೂಂ ಎಂದರು. ಆಯಿತು, ಒಂದು ಕಡೆ ಬರೆದಿಟ್ಟ ಹಾಗಾಯಿತು ಎಂದರು. ಅವರ ಮುಖ ನೋಡಲಾಗದೆ ನಾನು ಕಾಫಿಯ ಲೋಟ ನೋಡಿದೆ.

ಆಮೇಲೂ ಐದಾರು ವರ್ಷ ನಾವು ಪಾರ್ಕು ಸುತ್ತಿದೆವು. ನಾನು ಸೋಲುತ್ತಲೇ ಇದ್ದೆ. ನಾವು ನೋಯ್ಡಾಕ್ಕೆ ಮನೆ ಬದಲಾಯಿಸಿದ ಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಅವರು ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಉದ್ದನೆಯ ವಾರ್ಡಿನ ಮಂಚದಿಂದಲೇ, ಕಿಟಕಿಗೆ ಎಷ್ಟು ರಾಯರೇ ಎಂದರು. ಒಂಬತ್ತು ಎಂದೆ. ನಡೆದು ನೋಡಿ ಎಂದರು. ನಡೆದೆ, ಹನ್ನೊಂದು. ಕಿಟಕಿಯ ಹತ್ತಿರ ನಿಂತು ತಿರುಗಿದಾಗ ಅವರು ನಗುತ್ತಿದ್ದರು. ಈಗ ಹೇಳಿಬಿಡಬೇಕು ಎನ್ನಿಸಿತು. ಹನ್ನೊಂದು ಹೆಜ್ಜೆ ವಾಪಸು ನಡೆದು, ಕಿವಿಯ ಹತ್ತಿರ ಬಾಗಿ ಹೇಳಬೇಕಿತ್ತು. ಕಿಟಕಿಯಿಂದಲೇ, ಚಳಿ ಜಾಸ್ತಿಯಾಗಿದೆ, ಶಾಲು ಹೊದ್ದುಕೊಳ್ಳಿ ಎಂದು ಹೇಳಿ ಹೊರಟುಬಂದೆ. ಆ ವಾರವೇ ಅವರು ತೀರಿಕೊಂಡರು.

ಹೋದ ಭಾನುವಾರ ದೇಚಮ್ಮ ಈ ಫೈಲು ಹಿಡಿದು ಬಂದಳು. ಒಡೆತನದ ಪತ್ರ ಯಾರ ಹೆಸರಿನಲ್ಲಿತ್ತೋ ಅವರು ಹೋದ ಮೇಲೆ ಇಲಾಖೆಗೆ ತಿಳಿಸಬೇಕು. ಕೊಂಬನ್ನು ಇಟ್ಟುಕೊಳ್ಳುವುದು ಅವಳಿಗೆ ಬೇಡ, ಒಪ್ಪಿಸಿಬಿಡುತ್ತಾಳಂತೆ. ಪತ್ರ ಬರೆದುಕೊಡಿ ಅಣ್ಣ ಎಂದಳು. ಚಹಾ ಕುಡಿದಳು. ಲಿಫ್ಟಿನವರೆಗೆ ಬಿಡಲು ಹೋದಾಗ, ಗುಂಡಿ ಒತ್ತಿ, ನನ್ನ ಕಡೆ ನೋಡದೆ ಹೇಳಿದಳು.

"ಅಪ್ಪನಿಗೆ ಗೊತ್ತಿತ್ತು ಅಣ್ಣ. ಪತ್ರ ಬಂದ ದಿನ ಸಂಜೆ ನನ್ನ ಕೈಲೂ ಓದಿಸಿದ್ರು. ನಾನು ಅದರಲ್ಲಿ ಇದ್ದದ್ದನ್ನೇ ಓದಿದೆ."

ಅವರು ಏನೆಂದರು ಎಂದು ನಾನು ಕೇಳುವಷ್ಟರಲ್ಲಿ ಲಿಫ್ಟು ಬಂದು ನಿಂತು ಬಾಗಿಲು ತೆರೆದಿತ್ತು.

"ನಾನು ಸಿಟ್ಟು ಮಾಡ್ಕೊಂಡೆ. ಕೇಳ್ತೀನಿ ಅಂತ ಮೇಲೆ ಬರೋಕೆ ಹೊರಟಿದ್ದೆ. ಅಪ್ಪ ಬಿಡಲಿಲ್ಲ. ರಾಯರು ಅಂಜಿದ್ದಾರೆ, ಸುಮ್ಮನಿರು. ನಾನೂ ಅವತ್ತು ಅಂಜಿದ್ದೆ ಅಂದ್ರು."

ಅವರ ಅಣ್ಣನ ಗೇಲಿಗೆ ಅಂಜಿ ಬಿಟ್ಟ ಬಾಣ ಅದು. ಅವರು ಅರವತ್ತು ವರ್ಷ ಮರೆಯದೆ, ಕೊಂಬು ಕೈಗೆ ಬಂದ ಮೇಲೆ ಪ್ರತಿದಿನ ಕಣ್ಣು ಬಿಟ್ಟು ನೋಡಿದ್ದು ಅದನ್ನೇ. ನನ್ನ ಅಂಜಿಕೆಯನ್ನು ಮಾತ್ರ ನನಗೆ ಒಂದು ದಿನವೂ ತೋರಿಸಲಿಲ್ಲ. ಸಂಜೆ ಸಂಜೆ ನನ್ನ ಪಕ್ಕದಲ್ಲಿ ನಡೆಯುತ್ತ, ಬೇವಿನ ಮರಕ್ಕೆ ಎಷ್ಟು ಎಂದು ಕೇಳುತ್ತಿದ್ದರು.

ಮೂರು ದಿನ ಈ ಮೇಜಿನ ಮುಂದೆ ಕೂತದ್ದು ಇದಕ್ಕೆ. ಈಗ ಪಿತ್ರಾರ್ಜಿತ ಎನ್ನುವ ಪದ ನಿಜವೇ ಆಗಿದೆ, ದೇಚಮ್ಮನಿಗೆ ಅದು ತಂದೆಯಿಂದಲೇ ಬಂದದ್ದು. ಅಷ್ಟನ್ನೇ ಬರೆದು ಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ. ಮೊದಲ ದಿನ ಹಾಗೇ ಬರೆದೆ, ಹರಿದೆ. ಇವತ್ತು ಬೆಳಿಗ್ಗೆ ಬೇರೆ ಬರೆದಿದ್ದೇನೆ. ಈ ಜಿಂಕೆಯನ್ನು ಹೊಡೆದವರು ದಿವಂಗತ ಸುಬೇದಾರ್ ಬೋಪಯ್ಯನವರು. ಹದಿನೆಂಟು ಹೆಜ್ಜೆಯಿಂದ ಹೊಡೆಯಬೇಕಿತ್ತು, ಮೂವತ್ತನಾಲ್ಕರಿಂದ ಹೊಡೆದರು. ಅದು ಸತ್ತದ್ದು ಮೂರನೆಯ ದಿನ. ಹೀಗೆಂದು ದಾಖಲಿಸಬೇಕೆಂದು ಅವರು ಕೇಳಿದ್ದರು. ಹಿಂದಿನ ಫಾರಮ್ಮಿನಲ್ಲಿ ಸುಳ್ಳು ಬರೆದವನು ನಾನು, ಅವರಲ್ಲ. ಕೆಳಗೆ ದೇಚಮ್ಮನ ಸಹಿಗೆ ಜಾಗ ಬಿಟ್ಟು, ಪಕ್ಕದಲ್ಲಿ ನನ್ನ ಹೆಸರು, ಹುದ್ದೆ ಬರೆದು ಸಹಿ ಹಾಕಿದೆ.

ಓದಿದ ಹೆಂಡತಿ ಫೈಲನ್ನು ಮೇಜಿನ ಮೇಲೆ ವಾಪಸಿಟ್ಟು, ಹೆದರಿಕೆ ಆಗಲ್ವಾ ಎಂದಳು. ಆಗುತ್ತಿದೆ ಎಂದೆ. ಹಾಗಾದರೆ ದೇಚಮ್ಮನಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿಬಿಡಿ, ಸಹಿ ಹಾಕಿ ಅವಳೇ ಕೊಡಲಿ, ಕಿದ್ವಾಯಿ ನಗರಕ್ಕೆ ಹೋಗಿ ಅಲ್ಲಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ ಎಂದಳು. ನಾನೂ ಮೂರು ದಿನದಲ್ಲಿ ಇಪ್ಪತ್ತು ಸಲ ಯೋಚಿಸಿದ್ದು ಅದನ್ನೇ.

ನಾಳೆ ರಜೆ ಹಾಕಿದ್ದೇನೆ. ಮೊದಲು ದೇಚಮ್ಮನ ಸಹಿ, ಆಮೇಲೆ ಆ ಕಚೇರಿ. ಕೌಂಟರಿನಲ್ಲಿ ಇಟ್ಟು ಬರುವುದಿಲ್ಲ. ಒಳಗೆ ಹೋಗಿ, ಆ ಅಧಿಕಾರಿಯ ರೆಪ್ಪೆ ಬಡಿಯುವುದು ಕಾಣುವಷ್ಟು ಹತ್ತಿರ ನಿಂತು, ಕೈಗೇ ಕೊಡುತ್ತೇನೆ.