ನಲವತ್ತರಲ್ಲಿ ಕಬಡ್ಡಿ ಕಲಿತವನು

ಹುಣಸೂರಿನ ಕಬಡ್ಡಿ ಮೈದಾನದಲ್ಲಿ ಅಂಕಗಳು ಸಮನಾಗಿದ್ದಾಗ, ಎದುರಾಳಿ ತಂಡದ ತರುಣನೊಬ್ಬ ಕೊನೆಯ ದಾಳಿಗೆ ಬಂದ. ನಮ್ಮೂರ ತಂಡದ ಮೂಲೆ ಕಾಯುತ್ತಿದ್ದವನು ನಲವತ್ತೆರಡರ ಸಿದ್ದಪ್ಪ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ದುಡಿಯುವ ಅವನು ಆಡಲಾರಂಭಿಸಿ ಎರಡೇ ವರ್ಷ.

"ಅಣ್ಣೋ, ಮಂಡಿ ಉಸಾರು ಕಣಣ್ಣೋ," ಎಂದು ಯಾರೋ ಛೇಡಿಸಿದರು. ಸಿದ್ದಪ್ಪ ಕದಲಲಿಲ್ಲ. ತರುಣ ಹಿಂದಿರುಗಲು ಹೊರಳಿದೊಡನೆ ಅವನ ಕಣಕಾಲನ್ನು ಭದ್ರವಾಗಿ ಹಿಡಿದುಬಿಟ್ಟ. ನಮ್ಮೂರು ಗೆದ್ದಿತು.

ಆಟ ನೋಡಲು ಬಂದಿದ್ದ, ಊರಲ್ಲಿ ಸಂಸ್ಕೃತ ಪಾಠ ಹೇಳುವ ನಾನು ಅವನನ್ನು ಅಭಿನಂದಿಸಿದೆ. ಅವನು ಕೈಮುಗಿದು, "ಸೊಪ್ಪು ಅರಿಸಿನ ಬಣ್ಣಕ್ಕೆ ತಿರುಗೋಗಂಟ ಬ್ಯಾರನ್ ಮುಂದೆ ಕಾಯ್ತೀನಲ್ಲ ಸ್ವಾಮಿ, ಆ ತಾಳ್ಮೆ ಇಪ್ಪತ್ತರಲ್ಲಿ ಇರ್ನಿಲ್ಲ," ಎಂದ.

"ಈ ವಯಸ್ಸಿಗೆ ಸಂಸ್ಕೃತವೇಕಮ್ಮ?" ಎಂದು ಕಲಿಯಬಯಸಿದ್ದ ನಲವತ್ತೈದರ ಸೊಸೆಯನ್ನು ತಡೆದಿದ್ದ ನಾನು, ಮರುದಿನ ಪೂಜೆ ಮುಗಿಸಿ, ಪಾಠಕ್ಕೆ ನನ್ನೆದುರು ಅವಳಿಗೊಂದು ಮಣೆ ಹಾಕಿದೆ.