ತುರಹಳ್ಳಿಗೆ ಎರಡು ಸೈಕಲ್

ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಶೋಭಾಳ ಫೋನ್ ಬಂತು. ಶೋಭಾ ನನ್ನ ತಮ್ಮ ನಾಗರಾಜನ ಹೆಂಡತಿ. "ಅತ್ತಿಗೆ, ಇವರನ್ನ ಮನೆಗೆ ಕರ್ಕೊಂಡು ಬಂದ್ವಿ. ಇನ್ನು ಆಸ್ಪತ್ರೆಯಲ್ಲಿ ಮಾಡೋದೇನೂ ಇಲ್ವಂತೆ" ಎಂದಳು. ಅಷ್ಟರಲ್ಲಿ ಫೋನ್ ನಾಗರಾಜನ ಕೈಗೆ ಹೋಯಿತು. "ಅಕ್ಕ, ಭಾನುವಾರ ಭಾವನ್ನ ಕರ್ಕೊಂಡು ಬಾ. ತುರಹಳ್ಳಿಗೆ ಹೋಗೋಣ. ಕಾರಿಗೆ ಸೈಕಲ್ ಕಟ್ಟಬೇಕು."

ಕಾಯಿಲೆಗೆ ಮುಂಚೆ ಗಂಡ ಹೆಂಡತಿ ಇಬ್ಬರೂ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ತುರಹಳ್ಳಿ ಕಾಡಿನ ಅಂಚಿಗೆ ಹೋಗಿ ತುಳಿದು ಬರುತ್ತಿದ್ದರು. ಅವನು ಹಾಸಿಗೆ ಹಿಡಿದ ಮೇಲೆ ಶೋಭಾ ಸೈಕಲ್ ಮುಟ್ಟಿರಲಿಲ್ಲ. ಅವಳು ಒಬ್ಬಳೇ ಸೈಕಲ್ ಹೊಡೆಯುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು, ಅವನಿಗಿದ್ದ ಆಸೆ ಅದೊಂದೇ.

ಭಾನುವಾರ ಯಡಿಯೂರಿನಿಂದ ನಾನೂ ನಮ್ಮ ಯಜಮಾನರೂ ಆಟೋದಲ್ಲಿ ಜೆ.ಪಿ. ನಗರಕ್ಕೆ ಹೊರಟೆವು. ಆಟೋದವನು ಕೇಳದೆಯೇ ಮೀಟರ್ ಹಾಕಿದ. ಮೋಡ ಕವಿದಿತ್ತು, ಬಿಸಿಲಿರಲಿಲ್ಲ. ನಾಗರಾಜನ ಮೈಗೆ ಬಿಸಿಲು ಆಗುತ್ತಿರಲಿಲ್ಲವಾದ್ದರಿಂದ ಅದನ್ನೂ ಶಿವನ ದಯೆ ಎಂದುಕೊಂಡೆ.

ನಾಗರಾಜ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅಂಗಿಯೊಳಗೆ ಮೈಯೇ ಇರಲಿಲ್ಲ, ಗಂಟಲು ಮಾತ್ರ ಹಾಗೇ ಇತ್ತು. ಯಜಮಾನರು ಕಾರಿನ ಹಿಂಬಾಗಿಲಿಗೆ ಹಳೇ ಟವೆಲ್ ಹಾಸಿ ಸೈಕಲ್ ಕೂರಿಸುವ ಸ್ಟ್ಯಾಂಡ್ ಇಡಲು ಹೋದರು.

"ಭಾವ, ತೆಗೀರಿ! ಧೂಳು ಒರೆಸಿದ್ರಾ? ಪೇಂಟ್ ಕೆರೆಯೋದು ಕಬ್ಬಿಣ ಅಲ್ಲ, ಬಟ್ಟೆ ಕೆಳಗಿರೋ ಧೂಳು."

ಅವರು ಒದ್ದೆ ಬಟ್ಟೆಯಿಂದ ಬಾಗಿಲನ್ನೂ ಸ್ಟ್ಯಾಂಡಿನ ಕಾಲುಗಳನ್ನೂ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿದರು. ಕೊಕ್ಕೆ ಕೂರುವ ಕಡೆಗೆಲ್ಲ ಬಟ್ಟೆ ಮಡಿಸಿಟ್ಟೆವು. ಕಾರಿನ ಕಡೆಗಿದ್ದ ಪೆಡಲಿಗೆ ಹಳೇ ಕಾಲುಚೀಲ ತೊಡಿಸಿದ್ದಾಯಿತು, ಎರಡು ಸೈಕಲ್ಲಿನ ನಡುವೆ ಕಂಬಳಿ ಇಟ್ಟದ್ದಾಯಿತು. ಗಾಳಿಗೆ ತಿರುಗದಂತೆ ಚಕ್ರಗಳನ್ನು ಕಟ್ಟಿ, ಸ್ಟ್ಯಾಂಡ್ ಬಿಗಿದ ಬೆಲ್ಟಿನ ತುದಿ ಬಡಿಯದಂತೆ ಒಳಗೆ ಸಿಕ್ಕಿಸಿದರು. ಶೋಭಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳೇ ಹೊರತು ಕೈ ಹಾಕಲಿಲ್ಲ.

"ಇಷ್ಟೆಲ್ಲಾ ಯಾಕೋ ನಾಗರಾಜ? ಒಂದು ಗೆರೆ ಬಿದ್ರೆ ಏನೀಗ?" ಎಂದರು ಯಜಮಾನರು.

"ನನಗೇನಿಲ್ಲ ಭಾವ. ಆಮೇಲೆ ಇದನ್ನ ಓಡಿಸೋಳು ಇವಳಲ್ವಾ?"

ಶೋಭಾ ಒಳಗೆ ಹೋಗಿಬಿಟ್ಟಳು.

ಪ್ರಯಾಣ ಸುಸೂತ್ರವಾಗಲಿ ಎಂದು ನಾನು ವಿಭೂತಿ ನೆನೆಸಿ ಹಿಂಬಾಗಿಲಿಗೆ ಮೂರು ಬೆರಳು ಎಳೆದೆ. ನಮ್ಮಲ್ಲಿ ಹಾಗೆ ಹಚ್ಚದೆ ಗಾಡಿ ತೆಗೆಯುವುದಿಲ್ಲ. ಬೆಲ್ಟ್ ಹಾದುಹೋಗುವ ಜಾಗವೇ ಅದೆಂದು ನನಗೆ ತೋಚಲಿಲ್ಲ.

"ಅಕ್ಕ, ಶಿವ ಒಪ್ಪಿದ್ರೂ ಪೇಂಟ್ ಒಪ್ಪಲ್ಲ ಕಣೆ. ಒಣಗಿ ಧೂಳು ಹಿಡಿದ್ರೆ ಅದೇ ಉಪ್ಪುಕಾಗದ. ಒರೆಸು."

ದೇವರ ಹೆಸರಲ್ಲಿ ಹಚ್ಚಿದ್ದನ್ನು ಮನಸ್ಸಿಲ್ಲದೆ ಒರೆಸಿದೆ. ಬಟ್ಟಲಲ್ಲಿ ಉಳಿದದ್ದನ್ನು ಅವನ ಹಣೆಗೆ ಹಚ್ಚಿದೆ. ಅದನ್ನು ಒರೆಸಿಕೊಳ್ಳಲಿಲ್ಲ.

ಯಜಮಾನರು ನಿಧಾನವಾಗಿ ಓಡಿಸಿದರು. ಸಾರಕ್ಕಿ ಸಿಗ್ನಲ್ಲಿನಲ್ಲಿ ಬೈಕಿನ ಹುಡುಗನೊಬ್ಬ ಕಿಟಕಿಗೆ ಬಗ್ಗಿ, "ಸಖತ್ತಾಗಿ ಕಟ್ಟಿದ್ದೀರ ಅಂಕಲ್! ಎಲ್ಲಿಗೆ ಟ್ರಿಪ್ಪು?" ಎಂದ. ನಾಗರಾಜ ನಕ್ಕು, "ಲಾಂಗ್ ಟ್ರಿಪ್ಪು ಗುರು" ಎಂದ. ಹಿಂದಿನ ಸೀಟಿನಲ್ಲಿದ್ದ ನಾನೂ ಶೋಭಾಳೂ ಒಬ್ಬೊಬ್ಬರು ಒಂದೊಂದು ಕಿಟಕಿಯ ಕಡೆ ತಿರುಗಿದೆವು.

ಕೋಣನಕುಂಟೆ ಕ್ರಾಸ್ ದಾಟಿದ ಮೇಲೆ ಗಾಡಿ ನಿಲ್ಲಿಸಿ ಅವನಿಗೆ ಗಂಜಿ ಕೊಟ್ಟೆ. ನಾಲ್ಕು ಚಮಚ ಇಳಿಯಿತು, ವಾಂತಿಯಾಗಲಿಲ್ಲ. ವಾಜರಹಳ್ಳಿಯ ಕಡೆಯಿಂದ ಒಳಗೆ ಹೋದಂತೆ ಅಪಾರ್ಟ್‌ಮೆಂಟುಗಳ ಸಂದಿನಲ್ಲಿ ನೀಲಗಿರಿ ಮರಗಳು ಕಂಡವು. ಮಣ್ಣಿನ ದಾರಿ ಶುರುವಾಗುವಲ್ಲಿ ಕಾರು ನಿಂತಿತು. ಯಜಮಾನರು ಎರಡೂ ಸೈಕಲ್, ಸ್ಟ್ಯಾಂಡ್ ಇಳಿಸಿ, ನಾಗರಾಜನನ್ನು ಕಾರಿನ ಹಿಂದಿದ್ದ ಕಲ್ಲಿನ ಮೇಲೆ ಕೂರಿಸಿದರು. ಶೋಭಾ ಮಾತ್ರ ಇಳಿಯಲಿಲ್ಲ.

"ನೀವಿಲ್ದೆ ನಾನು ಹೊಡೆಯಲ್ಲ ರೀ."

"ಇಲ್ಲೇ ಕೂತಿದ್ದೀನಲ್ಲೇ."

"ಇವತ್ತು ಕೂತಿದ್ದೀರ."

"ಹಾಗಾದ್ರೆ ಇವತ್ತು ಹೊಡಿ. ನೋಡ್ತೀನಿ" ಎಂದ. ಬೇಡಿಕೊಂಡ ಹಾಗಿತ್ತು.

ಅವಳು ದುಪಟ್ಟಾ ಬಿಗಿದು ಕಟ್ಟಿ ಸೈಕಲ್ ಹತ್ತಿದಳು. ಮೊದಲು ತೂರಾಡಿತು, ಆಮೇಲೆ ನೇರವಾಯಿತು. ತಿರುವಿನಲ್ಲಿ ಮರೆಯಾದಳು. ನಾಗರಾಜ ಕಣ್ಣು ಕೀಳಲಿಲ್ಲ. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ಹಿಂದಿರುಗಿದಾಗ ಅವಳ ಮುಖ ತುಂಬ ಧೂಳು, ಕೆನ್ನೆಯ ಮೇಲೆ ಮಾತ್ರ ಎರಡು ಗೆರೆ ತೊಳೆದಂತೆ.

"ಬ್ರೇಕು ಕಿರುಗುಟ್ಟುತ್ತೆ ಕಣ್ರೀ."

"ಇಷ್ಟು ದಿನ ಮುಟ್ಟದೆ ಇದ್ರೆ ಇನ್ನೇನು ಆರತಿ ಎತ್ತುತ್ತಾ?" ಎಂದ ಅವನು. ಅಳುತ್ತಲೇ ನಕ್ಕಳು.

ಯಜಮಾನರು ಸೈಕಲ್ ಎತ್ತಲು ಹೋದರು. "ಭಾವ, ಕೈ ಹಾಕಬೇಡಿ. ಈಗ ಅವಳು ಕಟ್ಲಿ" ಎಂದ ನಾಗರಾಜ. ದಾರಿಯ ಕೆಂಪು ಧೂಳು ಬಾಗಿಲ ಮೇಲೆಲ್ಲ ಕೂತಿತ್ತು. ಶೋಭಾ ಅದರ ಮೇಲೆಯೇ ಟವೆಲ್ ಹಾಸಿದಳು. ಅವನ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಅವಳೇ ತಡೆದು ನಿಂತಳು, ಟವೆಲ್ ತೆಗೆದು ಕೊಡವಿದಳು, ನೀರಿನ ಬಾಟಲಿ ಕೇಳಿ ಪಡೆದು ಬಾಗಿಲನ್ನು ನಿಧಾನವಾಗಿ ಒರೆಸಿ ಸ್ಟ್ಯಾಂಡ್ ಕೂರಿಸಿದಳು.

ಇಲ್ಲಿಗೆ ಬರುವಾಗ ಅವನ ಸೈಕಲ್ ಹೊರಗಡೆ ಇತ್ತು. ಅವಳು ಅದನ್ನು ಮೊದಲು ಎತ್ತಿ ಒಳಗಡೆ, ಕಾರಿಗೆ ಹತ್ತಿರವಾಗಿ ಕೂರಿಸಿದಳು.

"ಅದಲ್ಲ ಶೋಭಾ, ನಿಂದು ಒಳಗಡೆ."

"ನಿಮ್ದೇ ಒಳಗಿರ್ಲಿ ಬಿಡಿ," ಎಂದಳು ಬೆಲ್ಟ್ ಬಿಗಿಯುತ್ತಾ. "ಇನ್ಮೇಲೆ ಇಳಿಸೋದು ನಂದೊಂದೇ ಅಲ್ವಾ."

ನಾಗರಾಜ ಕೈ ಚಾಚಿ ಬೆಲ್ಟನ್ನು ಒಂದು ಸಲ ಎಳೆದು ನೋಡಿದ. ಅಲ್ಲಾಡಲಿಲ್ಲ. "ಸರಿ ಇದೆ" ಎಂದ.

ವಾಪಸ್ ಬರುವಾಗ ದಾರಿಯುದ್ದಕ್ಕೂ ನಿದ್ದೆ ಮಾಡಿದ. ನೋವಿಲ್ಲದ ನಿದ್ದೆ ಅವನಿಗೆ ಬಂದು ಎಷ್ಟೋ ದಿನವಾಗಿತ್ತು. ಅವರ ಮನೆ ಮುಂದೆ ಇಳಿದಾಗ ನಾನು, "ನಾಳೆ ಏನು ತರಲೋ?" ಎಂದು ಕೇಳಿದೆ. "ಇಡ್ಲಿ. ಮೆತ್ತಗಿರ್ಬೇಕು" ಎಂದ.

ನಮ್ಮ ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದೆ. ಆಮೇಲೆ ಉದ್ದಿನಬೇಳೆ ಅಳೆದುಕೊಂಡು, ಇಡ್ಲಿ ಮೆತ್ತಗಾಗಲೆಂದು ದಿನಾ ಹಾಕುವುದಕ್ಕಿಂತ ಒಂದು ಹಿಡಿ ಜಾಸ್ತಿ ನೆನೆಹಾಕಿ, ರಾತ್ರಿ ರುಬ್ಬಲು ಕೂತೆ.