ಬಿಟ್ಬಿಡಿ ಸಾಹೇಬರು
ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅವರ ಸ್ವಂತ ಹೆಸರು ಎಲ್ಲರಿಗೂ ಮರೆತೇಹೋಗಿದೆ. ಅವರು ಬರೀ ಬಿಟ್ಬಿಡಿ ಸಾಹೇಬರು. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹೇಗೆ ಹರಿದು ತುಂಬುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ನೋಡಿ ಹೇಳುವುದು ಅವರ ಕೆಲಸ. ಇದ್ದದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಕಂಪ್ಯೂಟರ್ ನಾಲ್ಕು ದಿನ ಏದುಸಿರು ಬಿಡುತ್ತದೆ. ಸಾಹೇಬರು ಹತ್ತೇ ನಿಮಿಷದಲ್ಲಿ ಮುಗಿಸುತ್ತಾರೆ. "ಬಕೆಟ್ಟಿನ ಗೋಡೆ ತೆಳ್ಳಗಿದೆಯಲ್ಲ, ದಪ್ಪ ಬಿಟ್ಬಿಡಿ. ಮೂಲೆ ಬಿಟ್ಬಿಡಿ. ಅಂಚಾ? ಅದನ್ನೂ ಬಿಟ್ಬಿಡಿ," ಎನ್ನುತ್ತ ಇಡೀ ಬಕೆಟ್ಟನ್ನು ಕಾಗದದಷ್ಟು ತೆಳುವಾಗಿಸಿ ತೋರಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅವರು ಹೇಳಿದ್ದೇ ಆಗುತ್ತದೆಂಬುದು ಅಚ್ಚು ಮಾಡುವ ಮೇಸ್ತ್ರಿಯ ಹೊಟ್ಟೆಯುರಿ. ಹತ್ತನೆಯ ಸಲ ಅರ್ಧ ಅಂಚೇ ಇಲ್ಲದ ಬಕೆಟ್ ಹೊರಬಿದ್ದರೆ, "ಅದೊಂದನ್ನ ಬಿಟ್ಬಿಡಿ," ಎನ್ನುತ್ತಾರೆ. ಈ ಚಟ ಕಾರ್ಖಾನೆಯ ಗೇಟಿಗೇ ನಿಲ್ಲುವುದಿಲ್ಲ. ಹೆಂಡತಿ ತವರಿನ ಜಗಳ ಹೇಳಲು ಕೂತರೆ, "ಚಿಕ್ಕಮ್ಮನ್ನ ಬಿಟ್ಬಿಡು, ಭಾವನ್ನ ಬಿಟ್ಬಿಡು, ಈಗ ಹೇಳು," ಎನ್ನುತ್ತಾರೆ. "ಅವರಿಬ್ಬರನ್ನೂ ಬಿಟ್ರೆ ಜಗಳ ಆಡಿದ್ಯಾರು, ಗೋಡೇನಾ?" ಎಂದು ಆಕೆ ಎದ್ದು ಹೋಗುತ್ತಾರೆ. ಈ ವಾರ ಮಾತ್ರ ಸಾಹೇಬರ ಕಂಪ್ಯೂಟರ್ ನಾಲ್ಕು ದಿನದಿಂದ ಬುಸುಗುಡುತ್ತಿದೆಯಲ್ಲ ಎಂದು ಮೇಸ್ತ್ರಿ ಇಣುಕಿದರು. ಪರದೆಯ ಮೇಲೊಂದು ಲೋಟ. ಅದರ ಎರಡೂ ಕಡೆ ದಪ್ಪನೆಯ ಹಿಡಿಕೆ. ದಪ್ಪ, ಮೂಲೆ, ಅಂಚು, ತಣಿಯುವ ಹೊತ್ತು, ಎಲ್ಲವೂ ಲೆಕ್ಕದಲ್ಲಿವೆ. "ಏನ್ ಸಾಹೇಬ್ರೇ, ಒಂದನ್ನೂ ಬಿಟ್ಟಿಲ್ವಲ್ಲ!" ಎಂದು ಮೇಸ್ತ್ರಿ ನಕ್ಕರು. ಸಾಹೇಬರು ಪರದೆಯಿಂದ ಕಣ್ಣು ಕೀಳಲಿಲ್ಲ. "ನಮ್ಮನೆಯವಳಿಗೆ ಕಣ್ರೀ. ಈಗೀಗ ಕೈ ನಡುಗುತ್ತೆ," ಎಂದರು. "ಇದರಲ್ಲಿ ಯಾವುದನ್ನ ಬಿಡ್ಲಿ, ನೀವೇ ಹೇಳಿ."